ಎಂಟು ಕಾಲಿನ ಹಣೆಬರಹ

ನಮ್ಮ ಮನೆಯಲ್ಲೊಂದು ಲ್ಯಾಪ್‌ಟಾಪ್ ಇದೆ. ಹೆಸರಿಗೆ ಲ್ಯಾಪ್‌ಟಾಪ್, ತೊಡೆಯ ಮೇಲಿಟ್ಟುಕೊಂಡರೆ ಕಾಲು ಗಂಟೆಯಲ್ಲಿ ಕಾಲಿಗೆ ಜೋಮು ಹಿಡಿಯುತ್ತದೆ. 17 ಇಂಚಿನ ಪರದೆ, ಚಾರ್ಜರ್ ಬಿಟ್ಟು ಮೂರೂವರೆ ಕೆ.ಜಿ. ತೂಕ. ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ಕಾರಣವುಂಟು. ಒಮ್ಮೆ ಹಳೇ ಪೇಪರಿನವನು ಬಂದಾಗ ನನ್ನಾಕೆ ಅದನ್ನು ತಕ್ಕಡಿಗೆ ಇಡಿಸಿದ್ದಳು. ನಾನು ಬಚ್ಚಲಿನಿಂದ ಮುಖದ ಸೋಪು ಕೂಡ ತೊಳೆಯದೆ ಓಡಿಬಂದು ಬಿಡಿಸಿಕೊಂಡೆ.

ಯಾವುದೋ ಕಚೇರಿಯವರು ಬೇಡವೆಂದು ಮಾರಿದ್ದನ್ನು ನಾನು ಬೇಕೆಂದು ತಂದವನು. ಯಾಕೆ ಬೇಕು ಎಂದು ಮನೆಯಲ್ಲಿ ಕೇಳಿದಾಗ ‘ಮಗಳ ಓದಿಗೆ’ ಅಂದಿದ್ದೆ. ಮಗಳು ಅದನ್ನು ಎರಡು ಕೈಯಲ್ಲಿ ಎತ್ತಿ ನೋಡಿ, ಮಾತಾಡದೆ ಕೆಳಗಿಟ್ಟು, ತನಗೆ ಬೇರೆ ಕೊಡಿಸಿಕೊಂಡಳು. ನಿಜವಾದ ಕಾರಣವನ್ನು ಇಲ್ಲಿ ಮಾತ್ರ ಹೇಳುತ್ತಿದ್ದೇನೆ: ನನಗೆ ವಿಮಾನ ಓಡಿಸುವ ಆಟದ ಹುಚ್ಚು. 52 ವಯಸ್ಸು, ನಿಜ ಜೀವನದಲ್ಲಿ ಓಡಿಸಿದ್ದೆಲ್ಲ ಒಂದು ಸ್ಕೂಟರು. ರಾಜಾಜಿನಗರಕ್ಕೆ ಮೆಟ್ರೊ ಬಂದಮೇಲೆ ಅದೂ ಗೇಟಿನೊಳಗೆ ನಿಂತಲ್ಲೇ ನಿಂತಿದೆ. (ಈ ಸ್ಕೂಟರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.) ಆದರೆ ರಾತ್ರಿ ಹತ್ತರ ಮೇಲೆ ನಾನು ಕ್ಯಾಪ್ಟನ್.

ತೊಂದರೆ ಇದ್ದದ್ದು ಒಂದೇ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಗಿತ್ತು. ನಾನು ದೇವನಹಳ್ಳಿಯ ಕಡೆ ವಿಮಾನ ತಿರುಗಿಸಿದರೆ ಪರದೆಯ ಮೇಲೆ ರನ್‌ವೇ ಮೂಡುವುದಕ್ಕೆ ಅದು ಯೋಚನೆ ಮಾಡುತ್ತಿತ್ತು. ಅದು ಯೋಚಿಸಿ ಮುಗಿಸುವಷ್ಟರಲ್ಲಿ ನಾನು ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದಲ್ಲಿ ಇಳಿದಿರುತ್ತಿದ್ದೆ.

ಈ ಜಾತಿಯ ದಪ್ಪ ಲ್ಯಾಪ್‌ಟಾಪುಗಳಲ್ಲಿ ಒಂದು ಅನುಕೂಲವಿದೆ. ಗ್ರಾಫಿಕ್ಸ್ ಕಾರ್ಡು ಬೋರ್ಡಿಗೆ ಬೆಸೆದಿರುವುದಿಲ್ಲ, ಬಿಚ್ಚಿ ಬೇರೆ ಹಾಕಬಹುದು. ಎಂಎಕ್ಸ್‌ಎಂ ಎಂಬ ಅಳತೆಯದು. ದೊಡ್ಡ ಸೈಜೆಂದರೂ 82 ಮಿ.ಮೀ. ಅಗಲ, 105 ಮಿ.ಮೀ. ಉದ್ದ, ಅಂಚೆ ಕಾರ್ಡಿಗಿಂತ ಚಿಕ್ಕದು. ಒಂದು ಶನಿವಾರ ‘ಟೌನ್ ಹಾಲ್ ಹತ್ರ ಸ್ವಲ್ಪ ಕೆಲಸ ಇದೆ’ ಎಂದು ಹೇಳಿ ಎಸ್.ಪಿ. ರಸ್ತೆಗೆ ಹೋದೆ. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಕಂಪ್ಯೂಟರಿನ ಯಾವ ಅಂಗ ಕೇಳಿದರೂ ಸಿಗುತ್ತದೆ, ಮೂರನೇ ಮಹಡಿ ಹತ್ತುವ ಶಕ್ತಿ ಇರಬೇಕು ಅಷ್ಟೆ. ಮೂರನೇ ಮಹಡಿಯ ಹುಡುಗ ಪ್ಲಾಸ್ಟಿಕ್ ಡಬ್ಬಿಯಿಂದ ಒಂದು ಕಾರ್ಡು ತೆಗೆದ. ಎನ್ವಿಡಿಯಾದ್ದು, 4 ಜಿಬಿ ಮೆಮೊರಿ, 2013ರ ಕಾಲದ್ದು.

“ಸಾರ್, ಇದು ಬೇರೆ ಕಂಪನಿ ಲ್ಯಾಪ್‌ಟಾಪಿಂದ ಬಿಚ್ಚಿರೋದು. ನಿಮ್ದಕ್ಕೆ ಸೆಟ್ ಆಗಲ್ಲ.”

“ಕೂತ್ಕೊಳ್ಳಲ್ವಾ?”

“ಕೂತ್ಕೊಳ್ಳತ್ತೆ. ಆದ್ರೆ ಅದು ಒಪ್ಪಲ್ಲ. ರಿಟರ್ನ್ ಇಲ್ಲ, ಚೆಕ್ಕಿಂಗ್ ವಾರಂಟಿ ಮಾತ್ರ.”

ಕೂತುಕೊಳ್ಳುವುದಕ್ಕೂ ಒಪ್ಪುವುದಕ್ಕೂ ಇರುವ ವ್ಯತ್ಯಾಸ 24 ವರ್ಷ ಸಂಸಾರ ಮಾಡಿದವನಿಗೆ ಗೊತ್ತಿರಬೇಕಿತ್ತು. ಗೊತ್ತಾಗಲಿಲ್ಲ. 6,500 ರೂಪಾಯಿ ಎಣಿಸಿಕೊಟ್ಟು ಬಂದೆ. ಮನೆಯಲ್ಲಿ “ಎಷ್ಟಾಯ್ತು?” ಎಂದಾಗ ನಾಲಿಗೆ ತಾನಾಗಿ “ಸಾವಿರದೈನೂರು” ಅಂದಿತು. ಮಿಕ್ಕ ಐದು ಸಾವಿರದ ಕಥೆ ಆಮೇಲೆ ಬರುತ್ತದೆ. ಬರದೆ ಇದ್ದಿದ್ದರೆ ಚೆನ್ನಾಗಿತ್ತು.

ರಾತ್ರಿ ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ತಿರುಪುಗಳನ್ನು ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ವಿಂಗಡಿಸಿ, ಹಳೇ ಕಾರ್ಡು ಬಿಚ್ಚಿ ಹೊಸದನ್ನು ಕೂರಿಸಿದೆ. ಕೂತಿತು. ಸ್ವಿಚ್ ಒತ್ತಿದೆ. ಪರದೆ ಕಪ್ಪು. ಒಳಗಿಂದ ಒಂದು ಉದ್ದನೆಯ ‘ಬೀಈಈಪ್’, ಹಿಂದೆಯೇ ಎರಡು ಗಿಡ್ಡ ‘ಬೀಪ್, ಬೀಪ್’. ಹೈಸ್ಕೂಲಿನಲ್ಲಿ ಛಂದಸ್ಸು ಕಲಿಸಿದ ಮೇಷ್ಟರು ಪಕ್ಕದಲ್ಲಿದ್ದಿದ್ದರೆ “ಗುರು, ಲಘು, ಲಘು. ಭಗಣ ಕಣೋ” ಅನ್ನುತ್ತಿದ್ದರು. ಐಬಿಎಂನವರು 1981ರಲ್ಲಿ ತಂದ ಪಿಸಿಯ ಕಾಲದಿಂದಲೂ ಈ ಭಗಣಕ್ಕೆ ಬಹುಮಟ್ಟಿಗೆ ಒಂದೇ ಅರ್ಥ: ಚಿತ್ರದ ಕಡೆ ಏನೋ ಕೆಟ್ಟಿದೆ. ಯಂತ್ರಕ್ಕೆ ತೋರಿಸಲು ಪರದೆ ಇಲ್ಲದಾಗ ಅದು ಹೀಗೆ ಬಾಯಿ ಬಿಡುತ್ತದೆ.

ಒಳಕೋಣೆಯಿಂದ ಅಮ್ಮ ಎದ್ದು ಬಂದಳು.

“ಏನೋ ಅದು, ಹಂಗೆ ಅಳ್ತಾ ಇದೆ?”

“ಹೊಸ ಕಾರ್ಡನ್ನ ಸೇರಿಸ್ಕೊಳ್ತಾ ಇಲ್ಲಮ್ಮ. ಒಳಗೊಂದು ಚಿಪ್ ಇರತ್ತೆ. ಯಾರನ್ನ ಸೇರಿಸ್ಬೇಕು, ಯಾರನ್ನ ಸೇರಿಸ್ಬಾರ್ದು ಅಂತ ಹುಟ್ಟಿದಾಗ್ಲೇ ಅದ್ರಲ್ಲಿ ಬರೆದುಬಿಟ್ಟಿರ್ತಾರೆ.”

“ಅದಕ್ಕೆ ಹಣೆಬರಹ ಅಂತಾರೆ.”

“ಫರ್ಮ್‌ವೇರ್ ಅಂತಾರಮ್ಮ.”

“ಏನೋ ಒಂದು. ತಿದ್ದಕ್ಕೆ ಹೋಗ್ಬೇಡ, ಮಲಕ್ಕೋ.”

1967ರಲ್ಲಿ ಆಶರ್ ಓಪ್ಲರ್ ಎಂಬುವರು ಹಾರ್ಡ್‌ವೇರಿಗೂ ಸಾಫ್ಟ್‌ವೇರಿಗೂ ನಡುವಿನ ಈ ವಸ್ತುವಿಗೆ ಹೆಸರು ಹುಡುಕಿ ‘ಫರ್ಮ್‌ವೇರ್’ ಎಂದು ಕರೆದರು. ನಮ್ಮಮ್ಮನನ್ನು ಕೇಳಿದ್ದರೆ ಅಷ್ಟು ಕಷ್ಟವಿರಲಿಲ್ಲ. ಪಿಸಿಗಳಲ್ಲಿ ಇದಕ್ಕೆ ‘ಬಯೋಸ್’ ಎಂದು ಹೆಸರು. ಗ್ಯಾರಿ ಕಿಲ್ಡಾಲ್ ಎಂಬ ಪುಣ್ಯಾತ್ಮ 1975ರಲ್ಲಿ ಇಟ್ಟದ್ದು. ಗ್ರೀಕ್ ಭಾಷೆಯಲ್ಲಿ ಬಯೋಸ್ ಎಂದರೆ ಬದುಕು. ಅಂದರೆ ನಾನು ಅಮ್ಮನ ಮಾತು ಮೀರಿ ತಿದ್ದಲು ಹೊರಟದ್ದು ಎಂಟು ಕಾಲಿನ ಒಂದು ಚಿಪ್ಪಿನೊಳಗಿನ ಬದುಕನ್ನು.

ನಡೆಯುವುದು ಇಷ್ಟು. ಸ್ವಿಚ್ ಒತ್ತಿದ ಕೂಡಲೇ ಈ ಚಿಪ್ಪಿನ ಬರಹ ಎದ್ದು ಕೂತು, ಒಳಗಿರುವ ಒಬ್ಬೊಬ್ಬರನ್ನೂ ‘ನೀನು ಯಾರು’ ಎಂದು ವಿಚಾರಿಸುತ್ತದೆ. ಎಲ್ಲರೂ ತಮ್ಮ ನಂಬರು ಹೇಳಬೇಕು. ತಯಾರಿಸಿದವರ ನಂಬರು ಒಂದು: ಎನ್ವಿಡಿಯಾದ್ದು 10ಡಿಇ. ಇಂಟೆಲ್‌ನದು 8086, 1978ರ ತನ್ನದೇ ಪ್ರಾಸೆಸರಿನ ಹೆಸರನ್ನು, ಆರ್‌ಟಿಓದಲ್ಲಿ ದುಡ್ಡು ಕೊಟ್ಟು ಫ್ಯಾನ್ಸಿ ನಂಬರ್ ಹಿಡಿದವರ ಹಾಗೆ ಇಟ್ಟುಕೊಂಡಿದೆ. ಇದಲ್ಲದೆ ಇನ್ನೊಂದು ನಂಬರಿದೆ: ಈ ಕಾರ್ಡನ್ನು ಯಾವ ಕಂಪನಿಯ ಯಾವ ಲ್ಯಾಪ್‌ಟಾಪಿಗೆಂದು ಮಾಡಿದ್ದು ಎಂಬುದು. ಎಡವಟ್ಟು ಅಲ್ಲೇ. ನನ್ನ ಲ್ಯಾಪ್‌ಟಾಪಿನ ಕಂಪನಿಯವರೂ ಇದೇ ಕಾರ್ಡನ್ನು ಮಾರುತ್ತಿದ್ದರು. ಅದೇ ಚಿಪ್ಪು, ಅದೇ ಮೆಮೊರಿ, ಅದೇ ಶಾಖ. ನಾನು ತಂದದ್ದು ಬೇರೆ ಮನೆತನದ್ದು. ಹುಡುಗಿ ಒಳ್ಳೆಯವಳೇ, ಗೋತ್ರ ಕೂಡಿಬರಲಿಲ್ಲ ಎಂಬಂಥ ಪ್ರಸಂಗ.

ಪರಿಹಾರ ಎರಡಿದ್ದವು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ “ರಿಜಿಸ್ಟರ್‌ನಲ್ಲಿ ಹೆಸರಿಲ್ಲ ಸಾರ್” ಅಂದರೆ ರಿಜಿಸ್ಟರನ್ನೇ ತಿದ್ದಬೇಕು, ಇಲ್ಲವೇ ಬಂದವನು ಬೇರೆ ಹೆಸರು ಹೇಳಬೇಕು. ಎರಡನೆಯದು ಸುಲಭ, ಕೆಟ್ಟರೆ ಕಾರ್ಡು ಮಾತ್ರ ಕೆಡುತ್ತದೆ. ಮೊದಲನೆಯದರಲ್ಲಿ ಇಡೀ ಲ್ಯಾಪ್‌ಟಾಪು ಹೋಗುತ್ತದೆ. ಹಾಗಾಗಿ ನಾನು ಮೊದಲನೆಯದನ್ನು ಆರಿಸಿಕೊಂಡೆ.

ಚಿಪ್ಪಿಗೆ ಬರೆಯುವ ಪ್ರೋಗ್ರಾಮರ್ ಎಂಬ ಪುಟ್ಟ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜೊತೆಗೆ ಮೊಸಳೆ ಮರಿಯ ಬಾಯಿಯಂಥ ಒಂದು ಕ್ಲಿಪ್ಪು. ಚಿಪ್ಪು ತೊಗರಿಕಾಳಿನಷ್ಟು ದೊಡ್ಡದು; ಆ ಕಡೆ ನಾಲ್ಕು ಕಾಲು, ಈ ಕಡೆ ನಾಲ್ಕು ಕಾಲು. ಎಂಟನ್ನೂ ಕ್ಲಿಪ್ಪು ಒಟ್ಟಿಗೆ ಕಚ್ಚಬೇಕು. ಮೊದಲನೇ ಕಾಲಿನ ಹತ್ತಿರ ದೃಷ್ಟಿಬೊಟ್ಟಿನಂಥ ಒಂದು ಚುಕ್ಕಿ ಇರುತ್ತದೆ, ಕೆಂಪು ವೈರು ಅಲ್ಲಿಗೇ ಬರಬೇಕು. ಆ ಚುಕ್ಕಿ ಕಾಣಲು ನನ್ನ ಕನ್ನಡಕ ಸಾಲದೆ, ಅಮ್ಮ ಪಂಚಾಂಗ ನೋಡುವ ಕನ್ನಡಕವನ್ನೂ ಅದರ ಮೇಲೆ ಏರಿಸಿಕೊಂಡೆ. ಪ್ರೋಗ್ರಾಮರನ್ನು ನಡೆಸಲು ಇನ್ನೊಂದು ಕಂಪ್ಯೂಟರು ಬೇಕು. ಮಗಳು ಸ್ನಾನಕ್ಕೆ ಹೋದದ್ದು ನೋಡಿಕೊಂಡು ಅವಳ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದೆ.

ಮೊದಲು ಚಿಪ್ಪಿನಲ್ಲಿರುವುದನ್ನು ಓದಿ ಬ್ಯಾಕಪ್ ಇಟ್ಟುಕೊಳ್ಳಬೇಕು. ಓದಿದೆ. ಪರದೆಯ ತುಂಬ ಎಫ್‌ಎಫ್, ಎಫ್‌ಎಫ್, ಎಫ್‌ಎಫ್. ಅಂದರೆ ಕ್ಲಿಪ್ಪು ಸರಿಯಾಗಿ ಕಚ್ಚಿಲ್ಲ, ಚಿಪ್ಪು ಏನೂ ಹೇಳುತ್ತಿಲ್ಲ ಎಂದರ್ಥ. ‘ಕಾಲೇಜಲ್ಲಿ ಇವತ್ತು ಏನಾಯ್ತಮ್ಮ’ ಎಂದು ಕೇಳಿದರೆ ನಮ್ಮ ಮಗಳಿಂದ ಬರುವ ಉತ್ತರವೂ ಇದೇ. ಒತ್ತಿದೆ, ಅಲುಗಾಡಿಸಿದೆ, ಕಿತ್ತು ಮತ್ತೆ ಹಾಕಿದೆ. ಕೊನೆಗೆ ಅಮ್ಮ ನೋಡಲಾರದೆ, ಒಣಹಾಕಿದ ಸೀರೆಯಿಂದ ಒಂದು ಬಟ್ಟೆ ಕ್ಲಿಪ್ಪು ತಂದು, ವೈರು ಜಗ್ಗದ ಹಾಗೆ ಮೇಜಿನ ಅಂಚಿಗೆ ಸಿಕ್ಕಿಸಿದಳು. ಚಿಪ್ಪು ಬಾಯಿ ಬಿಟ್ಟಿತು. ಎರಡು ಸಲ ಓದಿ, ಎರಡೂ ಒಂದೇ ಇದೆಯೇ ಎಂದು ತಾಳೆ ನೋಡಿ ಉಳಿಸಿಕೊಂಡೆ. ಈ ಪ್ರಕರಣದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಆಮೇಲೆ ಪಟ್ಟಿ ಹುಡುಕಿ, ಹೊಸ ಹೆಸರು ಸೇರಿಸಿ, 8 ಎಂಬಿಯನ್ನು ವಾಪಸು ಬರೆಯಲು ಕೊಟ್ಟೆ. ಈ ಅಗ್ಗದ ಬೋರ್ಡು ಅಂಬೆಗಾಲಿನ ವೇಗದಲ್ಲಿ ಬರೆಯುತ್ತದೆ. ಹತ್ತು, ಇಪ್ಪತ್ತು, ಮೂವತ್ತು ಪರ್ಸೆಂಟ್. ಕರೆಂಟು ಹೋದರೆ ಎಂದು ಹೆದರಿ ಯುಪಿಎಸ್ ಹಾಕಿದ್ದೆ. ಮಿಕ್ಸಿ ಹಾಕಬೇಡವೆಂದು ಅಡುಗೆಮನೆಗೆ ಹೇಳಿದ್ದೆ. ಫ್ಯಾನಿನ ಗಾಳಿಗೆ ವೈರು ಅಲುಗೀತೆಂದು ಅದನ್ನೂ ಆರಿಸಿ ಬೆವರುತ್ತ ಕೂತಿದ್ದೆ. ಎಲ್ಲ ದಿಕ್ಕಿನಿಂದಲೂ ಕಾವಲು ಹಾಕಿದವನಿಗೆ ಬಚ್ಚಲಿನ ಬಾಗಿಲು ಮರೆತಿತ್ತು.

“ಅಪ್ಪಾ! ಇವತ್ತು ನನಗೆ ಇಂಟರ್ನಲ್ಸ್! ಹೇಳದೆ ಕೇಳದೆ ನನ್ನ ಲ್ಯಾಪ್‌ಟಾಪ್ ಯಾಕಪ್ಪಾ ತಗೊಂಡೆ?”

“ಮುಟ್ಟಬೇ...”

ಮುಟ್ಟಿಯಾಗಿತ್ತು. ‘ಡ’ ಎನ್ನುವಷ್ಟರಲ್ಲಿ ಲ್ಯಾಪ್‌ಟಾಪು ಅವಳ ಬ್ಯಾಗಿನೊಳಗಿತ್ತು. ಯುಎಸ್‌ಬಿ ಕಿತ್ತು ಬಂತು, ಕ್ಲಿಪ್ಪು ಟಪ್ಪೆಂದು ಹಾರಿ ಸಾರಿನ ಪಾತ್ರೆಯ ಮುಚ್ಚಳಕ್ಕೆ ಬಡಿಯಿತು. 43 ಪರ್ಸೆಂಟ್.

ಅರ್ಧ ಹಣೆಬರಹದ ಯಂತ್ರ ಹೇಗಿರುತ್ತದೆ ಎಂದು ಅಂದು ಕಂಡೆ. ಸ್ವಿಚ್ ಒತ್ತಿದರೆ ಬೀಪ್ ಕೂಡ ಇಲ್ಲ. ಅಳುವುದಕ್ಕೂ ಹಣೆಯಲ್ಲಿ ಬರೆದಿರಬೇಕು. ಈ ಸ್ಥಿತಿಯನ್ನು ಬಲ್ಲವರು ‘ಬ್ರಿಕ್ ಆಯ್ತು’ ಅನ್ನುತ್ತಾರೆ, ಅಂದರೆ ಇಟ್ಟಿಗೆ. ಉತ್ಪ್ರೇಕ್ಷೆ ಏನಿಲ್ಲ. ಸುಟ್ಟ ಇಟ್ಟಿಗೆಯೂ ಹೆಚ್ಚುಕಡಿಮೆ ಮೂರು ಕೆ.ಜಿ. ತೂಗುತ್ತದೆ.

ನನ್ನಾಕೆ ಅಡುಗೆಮನೆಯಿಂದ ಇಣುಕಿದಳು. “ರೀ, ಪೇಪರಿನವನನ್ನ ಕರೀಲಾ?”

“ಏನೂ ಬೇಡ. ಬ್ಯಾಕಪ್ ಇದೆ.”

“ಎಲ್ಲಿದೆ?”

ಬ್ಯಾಕಪ್ ಆ ಹೊತ್ತಿಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿತ್ತು. ಸಂಜೆ ಐದೂವರೆಯವರೆಗೆ ಇಟ್ಟಿಗೆಯ ಎದುರು ಕೂತಿದ್ದೆ. ಮಗಳು ಬಂದಮೇಲೆ, ಮುಂದಿನ ತಿಂಗಳು ಹೆಡ್‌ಫೋನು ಕೊಡಿಸುವ ಕರಾರಿನ ಮೇಲೆ ಅವಳ ಲ್ಯಾಪ್‌ಟಾಪು ಮತ್ತೆ ಸಿಕ್ಕಿತು. ಹಳೆಯದನ್ನೇ ಅಕ್ಷರಶಃ ವಾಪಸು ಬರೆದು ಸ್ವಿಚ್ ಒತ್ತಿದೆ. ಬೀಈಈಪ್, ಬೀಪ್, ಬೀಪ್. ಕನ್ನಡ ಕಾವ್ಯ ಪರಂಪರೆಯಲ್ಲಿ ಅಷ್ಟು ಮಧುರವಾದ ಭಗಣ ಇನ್ನೊಂದಿರಲಾರದು.

ಇನ್ನು ಉಳಿದದ್ದು ಎರಡನೇ ದಾರಿ, ಕಾರ್ಡಿನ ಗೋತ್ರ ಬದಲಿಸುವುದು. ಮದುವೆಯಾದ ಹೆಣ್ಣಿಗೆ ಗೋತ್ರ ಬದಲಾಗುತ್ತದೆ. ಇಲ್ಲಿ ನಾಲ್ಕು ಬೈಟು ಬದಲಾದರೆ ಸಾಕು. ಕಾರ್ಡಿನ ಮೇಲೂ ಅದರದೇ ಎಂಟು ಕಾಲಿನ ಚಿಪ್ಪಿದೆ. ಅದರೊಳಗಿನ ಬರಹ ಶುರುವಾಗುವುದು ‘55 ಎಎ’ ಎಂಬ ಎರಡು ಬೈಟಿನಿಂದ. ನಮ್ಮ ಪತ್ರಗಳ ತಲೆಯ ಮೇಲೆ ‘ಶ್ರೀ’ ಇದ್ದ ಹಾಗೆ, ಅದಿಲ್ಲದಿದ್ದರೆ ಮುಂದೆ ಓದುವವರಿಲ್ಲ. ನಂಬರುಗಳನ್ನು ಮಾತ್ರ ಇದು ಹಿಂದುಮುಂದಾಗಿ ಬರೆದುಕೊಳ್ಳುತ್ತದೆ, ಇನಿಶಿಯಲನ್ನು ಹೆಸರಿನ ಹಿಂದೆ ಹಾಕಿಕೊಳ್ಳುವವರ ಹಾಗೆ. 10ಡಿಇ ಇದ್ದದ್ದು ಒಳಗೆ ‘ಡಿಇ 10’. ಅದನ್ನು ತಿಳಿಯುವುದಕ್ಕೆ ನನಗೆ ಒಂದು ಸಂಜೆ ಹಿಡಿಯಿತು.

ಹಳೇ ಕಾರ್ಡಾದ್ದರಿಂದ ತಿದ್ದುವುದಾದರೂ ಸಾಧ್ಯವಿತ್ತು. 2014ರ ಪೀಳಿಗೆಯಿಂದೀಚೆಗೆ ಎನ್ವಿಡಿಯಾದವರು ಈ ಬರಹಕ್ಕೆ ಡಿಜಿಟಲ್ ಸಹಿ ಹಾಕುತ್ತಾರೆ, ಒಂದು ಬೈಟು ಮುಟ್ಟಿದರೂ ಸಹಿ ತಪ್ಪುತ್ತದೆ. ನನ್ನದರ ಕಾಲದಲ್ಲಿದ್ದದ್ದು ಚೆಕ್‌ಸಮ್ ಎಂಬ ಸಾಧು ಕಾವಲು. ಬರಹದ ಎಲ್ಲ ಬೈಟುಗಳನ್ನೂ ಕೂಡಿದರೆ ಮೊತ್ತ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು, ಅಷ್ಟೆ. ಹಾಗೆ ಆಗಲೆಂದೇ ಒಂದು ಬೈಟನ್ನು ಮೀಸಲಿಟ್ಟಿರುತ್ತಾರೆ. ಮನೆ ಲೆಕ್ಕದಲ್ಲಿ ಜಮಾ-ಖರ್ಚು ತಾಳೆಯಾಗದಿದ್ದಾಗ ಕೊನೆಯಲ್ಲಿ ‘ಇತರೆ’ ಎಂದು ಒಂದು ಸಾಲು ಬರೆಯುತ್ತೇವಲ್ಲ, ಅದೇ.

ನಾನು ಬದಲಿಸಿದ ನಾಲ್ಕು ಬೈಟಿನಿಂದ ಮೊತ್ತ 37 ಹೆಚ್ಚಾಯಿತು. ಹಾಗಾದರೆ ‘ಇತರೆ’ ಬೈಟಿನಿಂದ 37 ಕಳೆಯಬೇಕು. ಅಲ್ಲಿ 14 ಎಂದಿತ್ತು. 14ರಲ್ಲಿ 37 ಹೋಗುವುದಿಲ್ಲ. 256 ಸಾಲ ತಂದು ಕಳೆದೆ, 233 ಬಂತು. ಬರೆದೆ. ಸ್ವಿಚ್ ಒತ್ತಿದೆ. ಭಗಣ. ಮತ್ತೆ ಬರೆದೆ. ಭಗಣ. ಮೂರನೇ ಸಲಕ್ಕೆ ಮೇಜಿನ ಆ ತುದಿಯಲ್ಲಿ ಪರೀಕ್ಷೆ ಪೇಪರು ತಿದ್ದುತ್ತಿದ್ದ ನನ್ನಾಕೆ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಅವಳು ಹೈಸ್ಕೂಲಿನ ಗಣಿತದ ಮೇಡಂ.

“ಆ ಬೀಪ್ ಕೇಳಿ ಕೇಳಿ ಒಬ್ಬ ಹುಡುಗನಿಗೆ ಎರಡು ಮಾರ್ಕ್ಸು ಜಾಸ್ತಿ ಕೊಟ್ಬಿಟ್ಟೆ. ಏನ್ರೀ ನಿಮ್ಮ ಸಮಸ್ಯೆ?”

ಹೇಳಿದೆ. ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಗಡಿಯಾರದ ಲೆಕ್ಕ ಇದು. ಅದು ಹನ್ನೆರಡಕ್ಕೆ ಸುತ್ತಿ ಬರತ್ತೆ, ಇದು 256ಕ್ಕೆ. ಈ ನಂಬರೆಲ್ಲ ಹದಿನಾರರ ಲೆಕ್ಕದಲ್ಲಿ ಇದೆ ಅಂದ್ರಲ್ವಾ?”

“ಹೌದು.”

“ಹಾಗಿದ್ರೆ ಅಲ್ಲಿ 14 ಅಂದ್ರೆ ಹದಿನಾಲ್ಕು ಹೇಗಾಗತ್ತೆ? ಒಂದು ಹದಿನಾರು, ಮೇಲೆ ನಾಲ್ಕು. ಇಪ್ಪತ್ತು. 276ರಲ್ಲಿ 37 ಹೋದ್ರೆ 239. ಹದಿನಾರರ ಲೆಕ್ಕದಲ್ಲಿ ಇಎಫ್. ಬರ್ಕೊಳ್ಳಿ.”

ಎರಡು ನಿಮಿಷ. ನನಗೆ ಹಿಡಿದದ್ದು ಎರಡು ರಾತ್ರಿ. ಇಎಫ್ ಬರೆದು ಸ್ವಿಚ್ ಒತ್ತಿದೆ. ಭಗಣವಿಲ್ಲ. ಒಂದು ಕ್ಷಣ ಕತ್ತಲು, ಆಮೇಲೆ ಪರದೆ ಬೆಳಗಿತು. ಕಂಪನಿಯ ಗುರುತು ಏನೂ ನಡೆದೇ ಇಲ್ಲವೆಂಬಂತೆ ಮೂಡಿಬಂತು. ಹೊಸ ಸೊಸೆ ಸೇರು ಒದ್ದು ಒಳಗೆ ಬಂದಳು. ಅಮ್ಮ ನಿಜಕ್ಕೂ ಒಂದು ಚಿಟಿಕೆ ಕುಂಕುಮ ತಂದು ಅದರ ಮುಚ್ಚಳಕ್ಕೆ ಇಟ್ಟಳು.

ಆ ರಾತ್ರಿ ನಾನು ದೇವನಹಳ್ಳಿಯಲ್ಲಿ ಇಳಿದೆ. ದೀಪದ ಸಾಲು, ಹುಲ್ಲು, ಟಾರು ರಸ್ತೆಯ ಗೀರು ಕೂಡ ಕಾಣುತ್ತಿತ್ತು. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿದ್ದುದನ್ನು ಎಂಜಿನ್ ಸದ್ದೆಂದು ಭಾವಿಸಿಕೊಂಡೆ. ಸಂತೋಷ ತಡೆಯಲಾರದೆ ಚೆಕ್‌ಸಮ್ ಎಂದರೇನು, ‘ಇತರೆ’ ಬೈಟಿನಿಂದ ಯಂತ್ರದ ಕಣ್ಣಿಗೆ ಹೇಗೆ ಮಣ್ಣೆರಚಬಹುದು ಎಂದು ನನ್ನಾಕೆಗೆ ಇನ್ನೊಮ್ಮೆ ವಿಸ್ತಾರವಾಗಿ ವಿವರಿಸಿದೆ. ಅವಳು ಬಹಳ ಆಸಕ್ತಿಯಿಂದ ಕೇಳಿಸಿಕೊಂಡಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ತಿಂಗಳ ಕೊನೆಯ ಭಾನುವಾರ ಮನೆ ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟಳು.

“ಇದರಲ್ಲಿ ಐದು ಸಾಲು ನಿಮ್ಮ ಕೈಬರಹದಲ್ಲಿ ಇದೆ. ಸ್ಕೂಟರ್ ಸರ್ವೀಸು 1,900. ನಲ್ಲಿ ರಿಪೇರಿ 900. ಅಮ್ಮನ ಮಂಡಿನೋವಿನ ಔಷಧಿ 850. ಪೂಜೆ ಸಾಮಾನು 700. ಇತರೆ 650. ಐದಕ್ಕೂ ಬೇರೆ ಬೇರೆ ತಾರೀಕು, ಒಂದೇ ಪೆನ್ನು. ಕೂಡಿ.”

ಕೂಡುವ ಅಗತ್ಯವಿರಲಿಲ್ಲ. ಮೊತ್ತ ನನಗೆ ಬಾಯಿಪಾಠವಿತ್ತು.

“ಸರಿಯಾಗಿ ಐದು ಸಾವಿರ. ಮದುವೆಯಾದಾಗಿಂದ ಲೆಕ್ಕ ಬರೀತಿದ್ದೀನಿ, ನಿಜವಾದ ಖರ್ಚು ಯಾವತ್ತೂ ಇಷ್ಟು ಚೆನ್ನಾಗಿ ತಾಳೆಯಾಗಿಲ್ಲ. ನಲ್ಲಿ ಈಗಲೂ ತೊಟ್ಟಿಕ್ತಾ ಇದೆ. ಸ್ಕೂಟರ್ ಸೀಟಿನ ಧೂಳಲ್ಲಿ ಪಕ್ಕದ ಮನೆ ಹುಡುಗ ತನ್ನ ಹೆಸರು ಬರೆದಿದ್ದಾನೆ.”

ಚೆಕ್‌ಸಮ್ ಸರಿಮಾಡಿದ್ದೆ, ಸಹಿ ಹಿಡಿದುಕೊಟ್ಟಿತ್ತು. ನಮ್ಮ ಮನೆಯ ಫರ್ಮ್‌ವೇರು 2014ರ ನಂತರದ ಪೀಳಿಗೆಯದು ಎಂಬುದನ್ನು ಮರೆತಿದ್ದೆ.

“ಹೊಡೆದುಹಾಕಿಬಿಡ್ತೀನಿ ಕಣೇ,” ಅಂದೆ.

“ಪೆನ್ನಲ್ಲಿ ಬರೆದಾಗಿದೆ. ಹೊಡೆದುಹಾಕಿದ್ರೆ ಪುಸ್ತಕ ಗಲೀಜಾಗತ್ತೆ. ಬರೆದಿದ್ದು ಬರೆದ ಹಾಗೇ ಇರ್ಲಿ, ಎಲ್ಲಾನೂ ನಿಜ ಮಾಡ್ಬಿಡಿ. ನಿಮ್ಮ ಪಾಕೆಟ್ ಮನಿಯಿಂದ.”

ಒಳಕೋಣೆಯಿಂದ ಅಮ್ಮ ಕೂಗಿದಳು: “ಮಂಡಿನೋವಿಗೆ ಮಾತ್ರೆ ಬೇಡ್ವೋ, ಎಣ್ಣೆ ತಗೊಂಬಾ.”

ಹಾಗೆ 6,500ರ ಕಾರ್ಡು 11,500 ಆಯಿತು, ಹೆಡ್‌ಫೋನು ಬಿಟ್ಟು. ನಲ್ಲಿ ನಿಂತಿತು. ಎಣ್ಣೆ ಬಂತು. ಪೂಜೆ ಸಾಮಾನು ಬಂದು ದೇವರಿಗೂ ಸಮಾಧಾನವಾಯಿತು. ಕೊನೆಗೆ ಸ್ಕೂಟರನ್ನು ತಳ್ಳಿಕೊಂಡು ಬೀದಿ ಕೊನೆಯ ಗ್ಯಾರೇಜಿಗೆ ಹೋದೆ.

“ಏನ್ ಪ್ರಾಬ್ಲಂ ಸಾರ್?” ಅಂದ ಮೆಕ್ಯಾನಿಕ್ಕು.

“ಏನಿಲ್ಲ. 1,900 ಆಗೋ ಹಾಗೆ ಸರ್ವೀಸ್ ಮಾಡು.”

ಅವನು ನನ್ನನ್ನೊಮ್ಮೆ, ಸೀಟಿನ ಮೇಲಿನ ಹೆಸರನ್ನೊಮ್ಮೆ ನೋಡಿದ. ಆಯಿಲ್ ಬದಲಿಸಿದ, ಬ್ರೇಕ್ ಶೂ ಹಾಕಿದ, ಪ್ಲಗ್ ಹಾಕಿದ, ತೊಳೆದ. ಸಂಜೆ ಬಿಲ್ಲು ಕೂಡಿ “1,860 ಸಾರ್” ಅಂದ.

“ನಲವತ್ತು ಕಮ್ಮಿ ಆಯ್ತಲ್ಲಪ್ಪ.”

ಅವನ ಸರ್ವೀಸಿನಲ್ಲಿ ಯಾವ ಗಿರಾಕಿಯೂ ಆಡಿರದ ಮಾತು. ಕ್ಷಣ ತಲೆ ಕೆರೆದುಕೊಂಡು, ಕಿವಿಯ ಸಂದಿನಿಂದ ಪೆನ್ನು ತೆಗೆದು, ಬಿಲ್ಲಿನ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ ಕೈಗೆ ಕೊಟ್ಟ.

‘ಇತರೆ: 40.’